ಉಸಿರಿನ ಲೆಕ್ಕ

ದಾವಣಗೆರೆಯ ಮಂಡಿಪೇಟೆ ತೂಕದ ಮೇಲೆ ನಿಂತ ಪೇಟೆ. ಹತ್ತಿಯಾಗಲಿ, ಭತ್ತವಾಗಲಿ, ಜೋಳವಾಗಲಿ, ಶೇಂಗಾವಾಗಲಿ, ತಕ್ಕಡಿಗೆ ಏರದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಂತಿಲ್ಲ. ಹೈದರಾಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರಿಗೆ ಉತ್ತೇಜನವಿತ್ತು ಇಲ್ಲಿ ನೆಲೆಗೊಳಿಸಿದನೆಂದೂ ಹಳೆಯ ಗೆಜೆಟಿಯರುಗಳು ತಿಳಿಸುತ್ತವೆ. ಆ ಕಾಲದಿಂದ ಈ ಊರು ಬೆಳೆದುದೆಲ್ಲ ಅಳತೆ ತೂಕಗಳ ಆಧಾರದಿಂದಲೇ. ಹೀಗೆ ಎಲ್ಲವನ್ನೂ ತೂಗಿ ಕೊಂಡ ಊರಿನಲ್ಲಿ ತೂಗದೆ ಸ್ವೀಕರಿಸಿದ ವಸ್ತು ಒಂದೇ ಒಂದು, ಅದು ಗಾಳಿ. ಈಗ ಅದನ್ನೂ ತೂಗುತ್ತಿದ್ದಾರೆ. ಒಂದು ಘನಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೊಗ್ರಾಂ ಧೂಳಿದೆ ಎಂಬುದು ಅದರ ತೂಕ. ಕೇಂದ್ರ ಸರ್ಕಾರವು 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣಮಟ್ಟ ನಿಗದಿತ ಮಿತಿಗೆ ಬಾರದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ.

ಯಂತ್ರವು ಗಾಳಿಯನ್ನು ತೂಗುವುದಕ್ಕೆ ಬಹಳ ಮೊದಲೇ ಅದರ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಇಟ್ಟವರಿದ್ದಾರೆ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು, ಕೈಗಡಿಯಾರದ ಮೇಲೆ ಕಣ್ಣಿಟ್ಟು, ರೋಗಿಯ ಎದೆ ನಿಮಿಷಕ್ಕೆ ಎಷ್ಟು ಬಾರಿ ಏರಿ ಇಳಿಯಿತೆಂದು ಎಣಿಸಿ ಬರೆಯುವವಳು ದಾದಿ. ಮೈಬಿಸಿ, ನಾಡಿ, ಉಸಿರು ಇವು ಮೂರು ಆಕೆಯ ಪಟ್ಟಿಯ ಮೂರು ಸಾಲುಗಳು. ಇಂದು ಲೋಕದ ದಾದಿಯರು ಶುದ್ಧ ಗಾಳಿಗಾಗಿ, ಹವಾಮಾನದ ರಕ್ಷಣೆಗಾಗಿ ಮಾತನಾಡತೊಡಗಿದ್ದಾರೆ. ಇದನ್ನು ಕೇಳಿ, ಶುಶ್ರೂಷೆಗೂ ಹೊಗೆಗೊಳವೆಗೂ ಏನು ಸಂಬಂಧವೆಂದು ಆಶ್ಚರ್ಯಪಡುವವರು ಉಂಟು. ಚರಿತ್ರೆಯನ್ನು ನೋಡಿದರೆ, ಈ ಸಂಬಂಧ ದಾದಿಯ ವೃತ್ತಿಯಷ್ಟೇ ಹಳೆಯದೆಂದು ತಿಳಿಯುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆಂದು ಸ್ಕುಟಾರಿಯ ಆಸ್ಪತ್ರೆಗೆ ಹೋದಳು. ಅಲ್ಲಿ ಗುಂಡಿನ ಗಾಯಕ್ಕಿಂತ ಹೆಚ್ಚು ಮಂದಿ ಸೈನಿಕರನ್ನು ಕೊಲ್ಲುತ್ತಿದ್ದುದು ರೋಗ. 1855ರಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ, ವಾರ್ಡುಗಳಿಗೆ ಗಾಳಿ ಬರುವಂತೆ ಮಾಡಿದ ಮೇಲೆ ಸಾವಿನ ಪ್ರಮಾಣ ಇಳಿಯಿತು. ಆಕೆ 1859ರಲ್ಲಿ ಶುಶ್ರೂಷೆಯನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಔಷಧಿಗೂ ಮೊದಲು, ಪಥ್ಯಕ್ಕೂ ಮೊದಲು, ರೋಗಿ ಉಸಿರಾಡುವ ಗಾಳಿಯ ಶುದ್ಧಿಗೆ ಅಗ್ರಸ್ಥಾನವನ್ನು ಕೊಟ್ಟಿದ್ದಾಳೆ. ರೋಗಕಾರಣದ ಬಗ್ಗೆ ಆಕೆಯ ತಿಳಿವಳಿಕೆ ಆ ಕಾಲದ್ದು. ದುರ್ವಾಸನೆಯೇ ರೋಗವನ್ನು ಹುಟ್ಟಿಸುತ್ತದೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಸಿದ್ಧಾಂತ ತಪ್ಪಾಗಿದ್ದರೂ ಆಕೆಯ ಎಣಿಕೆ ತಪ್ಪಾಗಿರಲಿಲ್ಲ. ಸತ್ತವರೆಷ್ಟು, ಯಾವ ತಿಂಗಳಲ್ಲಿ, ಯಾವ ಕಾರಣದಿಂದ ಎಂಬುದನ್ನು ಆಕೆ ಬಣ್ಣದ ಚಿತ್ರಗಳಾಗಿ ಮಾಡಿ ಸರ್ಕಾರದ ಮುಂದಿಟ್ಟಳು. ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಸದಸ್ಯತ್ವವನ್ನು ಪಡೆದ ಮೊದಲ ಮಹಿಳೆಯೂ ಆಕೆಯೇ. ಹಾಗಾಗಿ ಆಧುನಿಕ ಶುಶ್ರೂಷೆಯು ಹುಟ್ಟುವಾಗಲೇ ಎರಡು ಉಪಕರಣಗಳನ್ನು ಹಿಡಿದು ಬಂದಿತು: ತೆರೆದ ಕಿಟಕಿ ಒಂದು, ಲೆಕ್ಕದ ಪುಸ್ತಕ ಇನ್ನೊಂದು.

ನಮ್ಮ ನಾಡಿನಲ್ಲಿ ಗಾಳಿಯೇ ಔಷಧಿಯಾಗಿದ್ದ ಒಂದು ಕಾಲವಿತ್ತು. ಮೈಸೂರು ಅರಸುಮನೆತನದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗಕ್ಕೆ ತುತ್ತಾದರು. ಮೈಸೂರಿನಲ್ಲಿ ಅವರ ಹೆಸರಿನಲ್ಲಿ ಕ್ಷಯ ಚಿಕಿತ್ಸಾಲಯವೊಂದು ಏರ್ಪಟ್ಟಿತು. ಜನ ಇಂದಿಗೂ ಪಿ.ಕೆ. ಸ್ಯಾನಿಟೋರಿಯಂ ಎಂದು ಕರೆಯುವುದು ಅದನ್ನೇ. ಸ್ಟ್ರೆಪ್ಟೋಮೈಸಿನ್ ಬರುವವರೆಗೆ ಕ್ಷಯಕ್ಕೆ ಖಚಿತವಾದ ಮದ್ದಿರಲಿಲ್ಲ. ವಿಶ್ರಾಂತಿ, ಪುಷ್ಟಿಕರವಾದ ಆಹಾರ, ತೆರೆದ ಜಗಲಿ, ಹೊಗೆಯಿಲ್ಲದ ಗಾಳಿ ಇಷ್ಟೇ ಚಿಕಿತ್ಸೆ. ಇಂಥ ಚಿಕಿತ್ಸಾಲಯಗಳಲ್ಲಿ ಮಂಚಗಳನ್ನು ಗಾಳಿಗೆ ಒಡ್ಡುವುದು, ಕಿಟಕಿಗಳನ್ನು ಕಾಯುವುದು ದಾದಿಯ ಕೆಲಸವಾಗಿತ್ತು. ಆಮೇಲೆ ಮದ್ದು ಬಂದಿತು. 1956ರಲ್ಲಿ ಮದರಾಸಿನಲ್ಲಿ ತೊಡಗಿದ ಪ್ರಯೋಗವೊಂದು, ಬಡ ರೋಗಿಯು ತನ್ನ ಇಕ್ಕಟ್ಟಾದ ಮನೆಯಲ್ಲೇ ಇದ್ದು ಕ್ರಮವಾಗಿ ಔಷಧಿ ತೆಗೆದುಕೊಂಡರೆ ಸ್ಯಾನಿಟೋರಿಯಂನಲ್ಲಿದ್ದವನಷ್ಟೇ ಗುಣ ಹೊಂದುತ್ತಾನೆಂದು 1959ರಲ್ಲಿ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಲಕ್ಷಾಂತರ ಜನರ ಪ್ರಾಣ ಉಳಿಸಿದ ಈ ಬದಲಾವಣೆಯನ್ನು ಯಾರೂ ಹಳಿಯಲಾರರು. ಆದರೆ ಅದರ ಜೊತೆಗೆ ಗಾಳಿಯು ವೈದ್ಯರ ಚೀಟಿಯಿಂದ ಸದ್ದಿಲ್ಲದೆ ಕಳಚಿಹೋಯಿತು.

ಗಾಳಿಯ ಮಾತು ಮತ್ತೆ ಬಂದುದು ಮನೆಮನೆಗೆ ಹೋದ ಆರೋಗ್ಯ ಕಾರ್ಯಕರ್ತೆಯರ ಕಾಲದಲ್ಲಿ. ಮಾತ್ರೆ ಕೊಡಲು, ಹೆರಿಗೆ ನೋಡಲು, ಲಸಿಕೆ ಹಾಕಲು ಹೊಸ್ತಿಲು ದಾಟಿದವರು ಅಡುಗೆಮನೆಯ ಹೊಗೆಯನ್ನು ಕಾಣದೆ ಇರಲಾರರು. ಕರ್ಕ್ ಸ್ಮಿತ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಒಲೆಯ ಮುಂದೆ ಕುಳಿತ ಹೆಂಗಸರು ಸೇವಿಸುವ ಹೊಗೆಯನ್ನು ಅಳೆದನು. ಅದು ದೊಡ್ಡ ನಗರಗಳ ಬೀದಿಯ ಹೊಗೆಯನ್ನೂ ಮೀರಿಸಿತ್ತು. ಸರಿಸುಮಾರು ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಸ್ತ್ರ ಕೇಂದ್ರವು ಕೊಳವೆಯಿಂದ ಹೊಗೆಯನ್ನು ಹೊರಹಾಕುವ ಒಲೆಯನ್ನು ರೂಪಿಸಿತು. ಅಸ್ತ್ರ ಒಲೆಯೆಂಬ ಹೆಸರು ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತಾಯಿತು. ಮಕ್ಕಳ ಶ್ವಾಸಕೋಶದ ಉರಿಯೂತವನ್ನು ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಕಲಿಸಿದ ಉಪಾಯವೂ ಉಸಿರಿನ ಎಣಿಕೆಯೇ. ಕೆಮ್ಮುತ್ತಿರುವ ಮಗುವಿಗೆ ಎರಡರಿಂದ ಹನ್ನೆರಡು ತಿಂಗಳೊಳಗಿನ ಪ್ರಾಯವಾದರೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷವಾದರೆ 40. ಉಸಿರು ಇಷ್ಟನ್ನು ಮುಟ್ಟಿದರೆ ಅಪಾಯವೆಂದು ತಿಳಿಯಬೇಕು. ಎಕ್ಸ್‌ರೇ ಇಲ್ಲದ ಊರಿನಲ್ಲಿ ಎಷ್ಟೋ ಮಕ್ಕಳನ್ನು ಬದುಕಿಸಿದುದು ಈ ಎಣಿಕೆ. ಒಲೆಯ ಹೊಗೆ ಇಂಥ ಉರಿಯೂತಕ್ಕೆ ದಾರಿ ಮಾಡಿಕೊಡುತ್ತದೆಂಬುದು ಈಗ ಸ್ಥಿರಪಟ್ಟ ಸಂಗತಿ.

ಇನ್ನು ದಾವಣಗೆರೆಗೆ ಬರೋಣ. 1930ರ ದಶಕದಿಂದ ಇಲ್ಲಿ ಹತ್ತಿ ಗಿರಣಿಗಳು ಒಂದರ ಹಿಂದೆ ಒಂದು ಎದ್ದವು; ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂದಿತು. ಹತ್ತಿಯನ್ನು ಬಿಡಿಸಿ ಹಿಂಜುವ ವಿಭಾಗಗಳಲ್ಲಿ ಏಳುವ ಧೂಳಿನಿಂದ ಬರುವ ಶ್ವಾಸರೋಗಕ್ಕೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ಅದರ ಲಕ್ಷಣ ವಿಚಿತ್ರವಾದುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುತ್ತದೆ, ಮರುದಿನ ಸಡಿಲವಾಗುತ್ತದೆ. ವರ್ಷಗಳು ಉರುಳಿದಂತೆ ಆ ಬಿಗಿತ ವಾರದ ಎಲ್ಲ ದಿನಗಳಿಗೂ ಹಬ್ಬಿ, ಕೊನೆಗೆ ಬಿಡದೆ ನಿಲ್ಲುತ್ತದೆ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಶಿಲ್ಲಿಂಗ್ 1950ರ ದಶಕದಲ್ಲಿ ಈ ರೋಗದ ಹಂತಗಳನ್ನು ವಿಂಗಡಿಸಿದ್ದು ಮುಖ್ಯವಾಗಿ ಒಂದು ಪ್ರಶ್ನೆಯ ಬಲದಿಂದ: ನಿನಗೆ ಎದೆ ಬಿಗಿಯುವುದು ಯಾವ ದಿನ? ಆ ಪ್ರಶ್ನೆಯನ್ನು ಕೇಳಿದವರಿಗೆ ರೋಗ ಕಾಣುತ್ತದೆ. ಕೇಳದವರಿಗೆ ಅದು ಬೀಡಿಯ ಕೆಮ್ಮು, ಇಲ್ಲವೇ ದಮ್ಮು. ಭಾರತದ ಗಿರಣಿಗಳಲ್ಲಿ ಈ ರೋಗ ಇಲ್ಲವೆಂಬಂತೆಯೇ ಬಹುಕಾಲ ನಂಬಲಾಗಿತ್ತು. ಮುಂಬಯಿಯ ಗಿರಣಿಗಳಲ್ಲಿ ಕಾರ್ಮಿಕರನ್ನು ಪರೀಕ್ಷಿಸಿ ನೋಡಿದ ಮೇಲೆ ಆ ನಂಬಿಕೆ ಕುಸಿಯಿತು. ಕಾನೂನಿನ ಪ್ರಕಾರ ಇದು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಆದರೆ ವರದಿಯಾಗಬೇಕಾದರೆ ಮೊದಲು ಯಾರಾದರೂ ದಿನವನ್ನು ಕೇಳಿ ಬರೆದಿಟ್ಟುಕೊಂಡಿರಬೇಕು. ದಾವಣಗೆರೆಯ ಹೆಚ್ಚಿನ ಗಿರಣಿಗಳು ಇಂದು ಬಾಗಿಲು ಹಾಕಿವೆ. ಗಿರಣಿ ಮುಚ್ಚಿದರೂ ಎದೆಯೊಳಗೆ ಸೇರಿದುದು ಹೊರಗೆ ಬರುವುದಿಲ್ಲ.

ಹತ್ತಿಯ ಹಿಂದೆಯೇ ಮಂಡಕ್ಕಿ ಬರುತ್ತದೆ. ದಾವಣಗೆರೆಯ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಬಲ್ಲದವರು ಈ ಸೀಮೆಯಲ್ಲಿ ಯಾರಿದ್ದಾರೆ? ಆ ಹಗುರವಾದ ಕಾಳು ಅರಳುವುದು ಕಾದ ಮರಳಿನಲ್ಲಿ. ಮರಳು ಕಾಯುವುದು ಭತ್ತದ ಹೊಟ್ಟಿನ, ಸೌದೆಯ ಬೆಂಕಿಯಲ್ಲಿ. ಕೆಲವು ಭಟ್ಟಿಗಳಲ್ಲಿ ಹಳೆಯ ಟೈರುಗಳೂ ಉರುವಲಾದುವೆಂದು ಪತ್ರಿಕೆಗಳಲ್ಲಿ ವರದಿಯಾಗಿದೆ. ಭಟ್ಟಿಯ ಮುಂದೆ ದುಡಿಯುವವರು, ಸುತ್ತಲಿನ ಓಣಿಗಳಲ್ಲಿ ವಾಸಿಸುವವರು ಬಡವರು. ಹೊಗೆಯನ್ನು ಮೊದಲು ಕುಡಿಯುವವರೂ ಅವರೇ, ಅದರಿಂದಲೇ ಅನ್ನ ಕಾಣುವವರೂ ಅವರೇ. ಆದುದರಿಂದ ಭಟ್ಟಿಯನ್ನು ಮುಚ್ಚಿಸಿ ಎಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಉರುವಲನ್ನು ಬದಲಿಸುವುದು, ಹೊಗೆಗೊಳವೆಯನ್ನು ಎತ್ತರಿಸುವುದು, ಒಲೆಯನ್ನು ಸುಧಾರಿಸುವುದು ಕಷ್ಟ. ನ್ಯಾಯ ಇರುವುದು ಅಲ್ಲಿ. ಇಂಥ ಮಾತನ್ನು ಮಾಲೀಕನ ಮುಂದೆಯೂ ಕೂಲಿಯ ಮುಂದೆಯೂ ದ್ವೇಷವಿಲ್ಲದೆ ಆಡಬಲ್ಲವರು ಯಾರು? ಇಬ್ಬರ ಮಕ್ಕಳ ಉಸಿರನ್ನೂ ಎಣಿಸಿದವರಿಗೆ ಅದು ಸಾಧ್ಯವಾದೀತು.

ಹತ್ತಿರದ ಹರಿಹರದ ಕಥೆ ಇದಕ್ಕೆ ಒಂದು ಹೋಲಿಕೆಯನ್ನು ಒದಗಿಸುತ್ತದೆ. 1970ರ ದಶಕದಲ್ಲಿ ಹೊಳೆಯಾಚೆಯ ಕುಮಾರಪಟ್ಟಣದಲ್ಲಿ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುವ ಕಾರ್ಖಾನೆ ನಡೆಯತೊಡಗಿತು. 1980ರ ದಶಕದಲ್ಲಿ ತುಂಗಭದ್ರೆಯ ದಡದ ರೈತರೂ ಮೀನುಗಾರರೂ ನೀರು ಕೆಟ್ಟಿತೆಂದು ಕೂಗೆಬ್ಬಿಸಿದರು. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯವು ಅವರ ಬೆನ್ನಿಗೆ ನಿಂತಿತು. ನೀರು ಕೆಟ್ಟಾಗ ಮೀನು ಸತ್ತು ತೇಲುತ್ತದೆ, ದಡದಲ್ಲಿ ನಿಂತವರಿಗೆಲ್ಲ ಅದು ಕಾಣುತ್ತದೆ, ನ್ಯಾಯಾಲಯಕ್ಕೆ ತೋರಿಸಬಹುದು. ಗಾಳಿ ಕೆಟ್ಟಾಗ ತೇಲಿಬರುವುದು ಏನೂ ಇಲ್ಲ. ಒಬ್ಬೊಬ್ಬರು ಒಂದೊಂದು ದಿನ, ಒಂದೊಂದು ಮನೆಯಿಂದ, ಕೆಮ್ಮುತ್ತ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಅವರೆಲ್ಲರನ್ನೂ ಒಟ್ಟಾಗಿ ನೋಡುವ ಕಣ್ಣು ವಾರ್ಡಿನಲ್ಲಿ ಮಾತ್ರ ಇದೆ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕಲ್ಲಿದ್ದಲಿನ ಹೊಗೆಮಂಜು ಐದು ದಿನ ಮುಸುಕಿದಾಗಲೂ ಹೀಗೆಯೇ ಆಯಿತು. ಮಂಜು ಆ ನಗರಕ್ಕೆ ಹೊಸದಲ್ಲ. ಸುಮಾರು ನಾಲ್ಕು ಸಾವಿರ ಮಂದಿ ಹೆಚ್ಚಾಗಿ ಸತ್ತರೆಂಬುದು ಲೆಕ್ಕ ಕೂಡಿಸಿದ ಮೇಲೆಯೇ ತಿಳಿದುದು. 1956ರ ಶುದ್ಧ ಗಾಳಿಯ ಕಾಯಿದೆಗೆ ಆ ಲೆಕ್ಕವೇ ತಳಹದಿ. ನಮ್ಮ ದೇಶದ ವಾಯು ಕಾಯಿದೆ ಬಂದುದು 1981ರಲ್ಲಿ.

ಹವಾಮಾನದ ಪ್ರಶ್ನೆ ಗಾಳಿಯ ಪ್ರಶ್ನೆಗಿಂತ ಬೇರೆಯಲ್ಲ. ಎದೆಯನ್ನು ಕೆಡಿಸುವ ಮಸಿಯೂ ಭೂಮಿಯನ್ನು ಕಾಯಿಸುವ ಅನಿಲವೂ ಬಹುಪಾಲು ಒಂದೇ ಬೆಂಕಿಯ ಮಕ್ಕಳು. ಕಲ್ಲಿದ್ದಲು, ಡೀಸೆಲ್, ಟೈರು, ಕಸ ಯಾವುದು ಉರಿದರೂ ಒಂದು ಪಾಲು ಪಕ್ಕದ ಮನೆಗೆ, ಇನ್ನೊಂದು ಪಾಲು ಆಕಾಶಕ್ಕೆ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, ಭದ್ರಾ ನಾಲೆಯನ್ನು ನಂಬಿದ ಈ ಭತ್ತದ ಸೀಮೆಗೆ ಮಳೆಯ ಬೆಲೆ ಏನೆಂದು ಹೊಸದಾಗಿ ಹೇಳಬೇಕಾಗಿರಲಿಲ್ಲ. ಬಿಸಿಲಿನ ಝಳ, ನೀರಿನ ಕೊರತೆ, ಸೊಳ್ಳೆಯ ಜ್ವರ ಇವೆಲ್ಲವೂ ಕೊನೆಗೆ ಬಂದು ಮಲಗುವುದು ದಾದಿ ಕಾಯುವ ಮಂಚದ ಮೇಲೆಯೇ. 1899ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ದಾದಿಯರ ಪರಿಷತ್ತು 2018ರಲ್ಲಿ ಹವಾಮಾನದ ಬಗ್ಗೆ ತನ್ನ ನಿಲುವನ್ನು ಪ್ರಕಟಿಸಿ, ಈ ಕೆಲಸದಲ್ಲಿ ದಾದಿಯರು ಮುಂದಾಗಬೇಕೆಂದು ಕರೆಯಿತ್ತಿತು. 2021ರ ಗ್ಲಾಸ್ಗೊ ಸಮ್ಮೇಳನಕ್ಕೆ ಮುನ್ನ, ಸುಮಾರು ನಾಲ್ಕೂವರೆ ಕೋಟಿ ಆರೋಗ್ಯ ಸೇವಕರನ್ನು ಪ್ರತಿನಿಧಿಸುವ ಸಂಸ್ಥೆಗಳು ರಾಷ್ಟ್ರನಾಯಕರಿಗೆ ಪತ್ರ ಬರೆದವು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ಅತಿ ಸೂಕ್ಷ್ಮವಾದ ಧೂಳಿನ ವಾರ್ಷಿಕ ಮಿತಿಯನ್ನು ಹತ್ತರಿಂದ ಐದು ಮೈಕ್ರೊಗ್ರಾಂಗೆ ಇಳಿಸಿತು. ನಮ್ಮ ದೇಶದ ಮಿತಿ ನಲವತ್ತು.

ದಾದಿಯು ಬಾಯಿ ತೆರೆಯುವುದು ನಾವು ಎಣಿಸಿದಷ್ಟು ಸುಲಭವಲ್ಲವೆಂಬುದನ್ನೂ ಹೇಳಬೇಕು. ಒಬ್ಬಳು ಸರ್ಕಾರಿ ನೌಕರಳು, ನಿಯಮಗಳಿಗೆ ಬದ್ಧಳು. ಇನ್ನೊಬ್ಬಳು ಗುತ್ತಿಗೆಯವಳು, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅರಿಯದವಳು. ರಾತ್ರಿ ಪಾಳಿಯಲ್ಲಿ ಹತ್ತಾರು ರೋಗಿಗಳನ್ನು ನೋಡಿಕೊಳ್ಳುವವಳಿಗೆ ಊರಿನ ಹೊಗೆಯ ಚಿಂತೆಯನ್ನೂ ಹೊರಿಸುವುದು ಕ್ರೂರವೆಂದು ತೋರಬಹುದು. ಆಕೆ ಘೋಷಣೆ ಕೂಗಬೇಕಾಗಿಲ್ಲ. ಕೆಮ್ಮಿಕೊಂಡು ಬಂದವರನ್ನು ಮೂರು ಮಾತು ಕೇಳಿ ಬರೆದುಕೊಂಡರೆ ಸಾಕು: ಏನು ಕೆಲಸ, ಯಾವ ಓಣಿ, ಮನೆಯಲ್ಲಿ ಯಾವ ಉರುವಲು. ತಿಂಗಳಿಗೊಮ್ಮೆ ಅದನ್ನು ಕೂಡಿಸಿ, ಗಾಳಿಯನ್ನು ತೂಗುವ ಯಂತ್ರದ ಅಂಕಿಗಳ ಪಕ್ಕದಲ್ಲಿಟ್ಟು ನೋಡುವ ವ್ಯವಸ್ಥೆಯನ್ನು ಜಿಲ್ಲಾಡಳಿತವೂ ವೈದ್ಯಕೀಯ ಕಾಲೇಜುಗಳೂ ಮಾಡಿಕೊಡಬೇಕು. 1965ರಿಂದ ವೈದ್ಯಕೀಯ ಕಾಲೇಜು ಇರುವ ಊರಿಗೆ, ಶುಶ್ರೂಷಾ ಶಾಲೆಗಳಲ್ಲಿ ನೂರಾರು ಹುಡುಗಿಯರು ಓದುತ್ತಿರುವ ಊರಿಗೆ, ಇದು ಶಕ್ತಿಮೀರಿದ ಕೆಲಸವಲ್ಲ.

ಆಗ ಪಾಲಿಕೆಯ ಸಭೆಯಲ್ಲಿ ಯಾರಾದರೂ, ಹೊಗೆಯಿಂದ ಯಾರಿಗೆ ಏನಾಗಿದೆ ಎಂದು ಕೇಳಿದರೆ, ಉತ್ತರವಾಗಿ ಒಂದು ಪುಸ್ತಕವನ್ನು ತೆರೆದು ತೋರಿಸಬಹುದು. ಮಂಡಿಪೇಟೆಯ ವರ್ತಕರು ಬಾಯಿಮಾತಿಗಿಂತ ಕಡತದ ಬರಹವನ್ನು ಹೆಚ್ಚಾಗಿ ನಂಬುವವರು. ಈ ಬರಹವನ್ನೂ ಅವರು ಓದಿಯಾರು.