ಪರದೇಶಿಯ ರಹದಾರಿ: ಮಲಬಾರ್ ಕರಾವಳಿಯಲ್ಲಿ ವಿದೇಶಿ ಪಾಸ್‌ಪೋರ್ಟಿನ ಚರಿತ್ರೆ

1957ರ ಜನವರಿ 19ರಂದು ಮಲಬಾರಿನ ಎಷ್ಟೋ ಮನೆಗಳಲ್ಲಿ ಕೂತಲ್ಲೇ ಕೂತವರು ವಿದೇಶಿಯರಾದರು. ಆ ದಿನ ಅವರು ಗಡಿ ದಾಟಿರಲಿಲ್ಲ, ಹಡಗು ಹತ್ತಿರಲಿಲ್ಲ. ಬದಲಾದದ್ದು 1946ರ ವಿದೇಶಿಯರ ಕಾಯ್ದೆಯ ಒಂದು ವ್ಯಾಖ್ಯೆ ಮಾತ್ರ. ಅಲ್ಲಿಯ ತನಕ, ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದವನ ಕೈಯಲ್ಲಿ ಪಾಕಿಸ್ತಾನದ ಪಾಸ್‌ಪೋರ್ಟ್ ಇದ್ದರೂ ಆ ಕಾಯ್ದೆಯ ಲೆಕ್ಕದಲ್ಲಿ ಅವನು ವಿದೇಶಿಯಲ್ಲ. ಹುಟ್ಟಿನಿಂದ ಬ್ರಿಟಿಷ್ ಪ್ರಜೆ ಎಂಬ ಹಳೆಯ ಮಾತು ಅವನನ್ನು ಕಾಯುತ್ತಿತ್ತು. ತಿದ್ದುಪಡಿಯಾದ ಮೇಲೆ ಭಾರತದ ಪ್ರಜೆಯಲ್ಲದವರೆಲ್ಲ ವಿದೇಶಿಯರೇ. 1953ರಲ್ಲಿ ಪಾಕಿಸ್ತಾನಿ ಪಾಸ್‌ಪೋರ್ಟಿನಲ್ಲಿ ಉತ್ತರ ಪ್ರದೇಶಕ್ಕೆ ಬಂದು ಅವಧಿ ಮೀರಿ ಉಳಿದ ಫಿದಾ ಹುಸೇನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಶಿಕ್ಷೆಯನ್ನು ರದ್ದು ಮಾಡಿದ್ದು ಇದೇ ಕಾರಣಕ್ಕೆ. ಒಳಗೆ ಬಂದ ದಿನ ಆತ ವಿದೇಶಿಯಾಗಿರಲಿಲ್ಲ.

ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು ಎಂಬುದಕ್ಕಿಂತ ಹೆಚ್ಚಾಗಿ ದಿಕ್ಕುದೆಸೆ ಇಲ್ಲದವನು, ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವನು ಎಂದೇ ಅರ್ಥ. ಹುಟ್ಟಿದ ಊರಿಗೆ ವಿದೇಶಿ ಪಾಸ್‌ಪೋರ್ಟ್ ಹಿಡಿದು ಬಂದವರ ವಿಚಾರದಲ್ಲಿ ಈ ಎರಡು ಅರ್ಥಗಳೂ ಒಂದಾಗಿಬಿಡುತ್ತವೆ. ಪಾಸ್‌ಪೋರ್ಟನ್ನು ನಮ್ಮ ಹಿರಿಯರು ರಹದಾರಿ ಎನ್ನುತ್ತಿದ್ದರು. ದಾರಿ ಬಿಡಿ ಎಂದು ಕೇಳುವ ಕಾಗದ, ಅಷ್ಟೆ. ಆ ದಾರಿಯ ಕಾಗದವನ್ನು ನಿಷ್ಠೆಯ ಪ್ರಮಾಣಪತ್ರವಾಗಿ ಓದತೊಡಗಿದಾಗ ಏನಾಯಿತು ಎಂಬುದೇ ಈ ಲೇಖನದ ವಿಷಯ. ಕಾಸರಗೋಡಿನಿಂದ ಕೊಚ್ಚಿಯವರೆಗಿನ ಕರಾವಳಿಯಲ್ಲಿ ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ.

ಮೊದಲು ಕರಾಚಿ. ದೇಶ ಒಡೆಯುವ ಮೊದಲೇ ಮಲಬಾರಿನ ಮಾಪ್ಪಿಳರು ಅಲ್ಲಿಗೆ ಹೊಟ್ಟೆಪಾಡಿಗೆ ಹೋಗುತ್ತಿದ್ದರು. ಚಹಾ ಅಂಗಡಿ, ಊಟದ ಹೋಟೆಲು, ಬೀಡಿ ಅಂಗಡಿ ಅವರ ಕಸುಬು. ಬೊಂಬಾಯಿಗೆ ಹೋದಂತೆಯೇ ಕರಾಚಿಗೂ ಹೋಗುವುದು. ಹೆಂಡತಿ ಮಕ್ಕಳು ಊರಲ್ಲಿ, ಸಂಪಾದನೆ ಅಲ್ಲಿ. 1947ರ ಆಗಸ್ಟ್ ಕಳೆದ ಮೇಲೂ ಈ ಓಡಾಟ ನಿಲ್ಲಲಿಲ್ಲ. ತಿರೂರಿನ ಸಮೀಪದವರಾದ ಬಿ. ಎಂ. ಕುಟ್ಟಿ ಕರಾಚಿಗೆ ಹೋದದ್ದು 1949ರಲ್ಲಿ. ಮುಂದೆ ಅವರು ಪಾಕಿಸ್ತಾನದ ಎಡಪಂಥೀಯ ರಾಜಕಾರಣದಲ್ಲಿ ಹೆಸರು ಮಾಡಿ 2019ರಲ್ಲಿ ಕರಾಚಿಯಲ್ಲೇ ತೀರಿಕೊಂಡರು. ಕುಟ್ಟಿಯವರಿಗೆ ಅದು ಕೊನೆಗೆ ತಾವೇ ಒಪ್ಪಿಕೊಂಡ ಬದುಕು. ಚಹಾ ಅಂಗಡಿಯಲ್ಲಿ ಲೋಟ ತೊಳೆಯಲು ಹೋದ ಹುಡುಗರ ಕತೆ ಬೇರೆ.

ಅವರು ಅಲ್ಲಿರುವಾಗಲೇ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. 1948ರ ಜುಲೈಯಲ್ಲಿ ಭಾರತ ಪರ್ಮಿಟ್ ಪದ್ಧತಿ ತಂದಿತು. 1952ರ ಅಕ್ಟೋಬರ್ 15ರಂದು ಎರಡೂ ದೇಶಗಳ ನಡುವೆ ಪಾಸ್‌ಪೋರ್ಟ್ ಮತ್ತು ವೀಸಾ ಬಂದವು. ಕರಾಚಿಯ ಹೋಟೆಲಿನಲ್ಲಿದ್ದವನಿಗೆ ತಾಯಿಗೆ ಹುಷಾರಿಲ್ಲ ಎಂದು ಕಾಗದ ಬಂದರೆ ಊರಿಗೆ ಹೋಗಲು ಪಾಸ್‌ಪೋರ್ಟ್ ಬೇಕು. ಅದು ಸುಲಭವಾಗಿ ಕೈಗೆ ಸಿಗುತ್ತಿದ್ದದ್ದು ಅವನು ದುಡಿಯುತ್ತಿದ್ದ ನೆಲದ ಸರ್ಕಾರದಿಂದ. ಅರ್ಜಿಗೆ ರುಜು ಹಾಕಿದ. ಅವನ ಮಟ್ಟಿಗೆ ಅದು ಮನೆಗೆ ಹೋಗುವ ಟಿಕೆಟ್ಟು.

ದೆಹಲಿಯಲ್ಲಿ ಅದನ್ನು ಓದಿದ ರೀತಿ ಬೇರೆಯಾಗಿತ್ತು. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ. ಇದು ನ್ಯಾಯವೇ. ತೊಡಕು ಇದ್ದದ್ದು 1956ರ ನಿಯಮಗಳ ಮೂರನೇ ಅನುಸೂಚಿಯಲ್ಲಿ: ಇನ್ನೊಂದು ದೇಶದ ಪಾಸ್‌ಪೋರ್ಟ್ ಪಡೆದದ್ದೇ ಆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದದ್ದಕ್ಕೆ ನಿರ್ಣಾಯಕ ಪುರಾವೆ. ನಿರ್ಣಾಯಕ ಎಂದ ಮೇಲೆ ಎದುರು ಸಾಕ್ಷಿಗೆ ಜಾಗವಿಲ್ಲ. ಊರಲ್ಲಿ ಮನೆ ಇದೆ, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ, ಪಳ್ಳಿಯ ಖಬರಸ್ತಾನದಲ್ಲಿ ಅಜ್ಜ ಮಲಗಿದ್ದಾನೆ ಎಂಬ ಯಾವ ಮಾತೂ ಆ ಪುಸ್ತಕದ ಎದುರು ನಿಲ್ಲುವುದಿಲ್ಲ. 1962ರ ಇಜ್ಹಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಈ ನಿಯಮವನ್ನು ಎತ್ತಿಹಿಡಿಯಿತು, ನ್ಯಾಯಮೂರ್ತಿ ಎ. ಕೆ. ಸರ್ಕಾರ್ ಒಪ್ಪಲಿಲ್ಲ. ಮೂರು ವರ್ಷಗಳ ಬಳಿಕ, ಮದ್ರಾಸಿನ ಮೊಹಮ್ಮದ್ ಅಯೂಬ್ ಖಾನ್ ಪ್ರಕರಣದಲ್ಲಿ, ಕೋರ್ಟು ಒಂದು ಸಣ್ಣ ಕಿಂಡಿ ತೆರೆಯಿತು: ಒತ್ತಾಯದಿಂದಲೋ ಮೋಸದಿಂದಲೋ ಪಾಸ್‌ಪೋರ್ಟ್ ಪಡೆಯಬೇಕಾಯಿತು ಎಂದು ಆತ ಹೇಳಿದರೆ ಸರ್ಕಾರ ಅದನ್ನು ವಿಚಾರಿಸಲೇಬೇಕು. ಆದರೆ ತಾಯಿಯನ್ನು ನೋಡುವ ಹಂಬಲ ಒತ್ತಾಯವೂ ಅಲ್ಲ, ಮೋಸವೂ ಅಲ್ಲ.

ಕೇರಳದಿಂದಲೇ ಹೋದ ಕುಳತ್ತಿಲ್ ಮಮ್ಮು ಪ್ರಕರಣ 1966ರಲ್ಲಿ ತೀರ್ಮಾನವಾಯಿತು. ಭಾರತದಲ್ಲಿ ಹುಟ್ಟಿದ ಆತ ಇನ್ನೂ ಎಳೆಯ ವಯಸ್ಸಿನಲ್ಲಿ ಕರಾಚಿಗೆ ಹೋಗಿ, ಪಾಕಿಸ್ತಾನದ ಪಾಸ್‌ಪೋರ್ಟಿನಲ್ಲಿ ಮರಳಿದ್ದ. ಪ್ರಶ್ನೆ, ಪಾಕಿಸ್ತಾನಕ್ಕೆ ವಲಸೆ ಹೋದವರನ್ನು ಭಾರತದ ಪ್ರಜೆಯೆಂದು ಎಣಿಸದ ಸಂವಿಧಾನದ 7ನೇ ವಿಧಿಯ ‘ವಲಸೆ’ ಎಂಬ ಒಂದೇ ಪದದ್ದು. ಅಲ್ಲೇ ನೆಲೆಸುವ ಉದ್ದೇಶ ಇದ್ದರೆ ಮಾತ್ರ ವಲಸೆಯೇ, ಇಲ್ಲವೇ ಸುಮ್ಮನೆ ಹೋದರೂ ವಲಸೆಯೇ? ಕೋರ್ಟು ಅಗಲವಾದ ಅರ್ಥವನ್ನೇ ಹಿಡಿಯಿತು. ನಿರ್ದಿಷ್ಟ ಕೆಲಸಕ್ಕೆಂದು ಅಲ್ಪಕಾಲಕ್ಕೆ ಹೋಗಿಬಂದದ್ದನ್ನು ಬಿಟ್ಟರೆ, ಸ್ವಇಚ್ಛೆಯಿಂದ ಅತ್ತ ಹೋದದ್ದೆಲ್ಲ ವಲಸೆ. ವರ್ಷಕ್ಕೊಮ್ಮೆ ಊರಿಗೆ ದುಡ್ಡು ಕಳಿಸುತ್ತ, ಹಬ್ಬಕ್ಕೆ ಬರುತ್ತ ಇದ್ದ ದುಡಿಮೆಗಾರನ ಬದುಕಿಗೆ ಈ ವ್ಯಾಖ್ಯೆಯಲ್ಲಿ ಹೆಸರೇ ಇರಲಿಲ್ಲ.

ಕಾಸರಗೋಡಿನವರ ಪಾಡು ಇನ್ನೂ ಒಂದು ಸುತ್ತು ಗೋಜಲಿನದು. 1949ರಲ್ಲಿ ಆ ತಾಲೂಕಿನಿಂದ ಕರಾಚಿಗೆ ಹೊರಟವನು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವನು. 1957ರಲ್ಲಿ ಅವನು ಮರಳಿದ್ದರೆ ಊರು ಅಲ್ಲೇ ಇತ್ತು, ರಾಜ್ಯ ಕೇರಳವಾಗಿತ್ತು, ಜಿಲ್ಲೆ ಕಣ್ಣೂರಾಗಿತ್ತು. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಯಿತು. ಹುಟ್ಟಿದ ಸ್ಥಳ ಎಂಬ ಒಂದೇ ಕಾಲಮಿಗೆ ಒಂದೇ ಆಯುಷ್ಯದಲ್ಲಿ ಮೂರು ವಿಳಾಸ. ಕಡತದ ಗುರುತಿಗೂ ಮನುಷ್ಯನಿಗೂ ತಾಳೆ ಹಾಕಬೇಕಾದಲ್ಲಿ ಇದು ಸಣ್ಣ ಸಂಗತಿಯಲ್ಲ.

ಪಾಕಿಸ್ತಾನಿ ಪಾಸ್‌ಪೋರ್ಟಿಗೆ ಕೊಡುವ ವೀಸಾ ದೇಶಕ್ಕೆ ಕೊಟ್ಟ ವೀಸಾ ಅಲ್ಲ. ಹೆಸರಿಸಿದ ಊರುಗಳಿಗೆ ಮಾತ್ರ ಕೊಟ್ಟದ್ದು. ಊರು ತಲುಪಿ 24 ಗಂಟೆಯೊಳಗೆ ಪೊಲೀಸರ ಮುಂದೆ ಹಾಜರಾಗಬೇಕು, ಬಿಡುವಾಗಲೂ ತಿಳಿಸಬೇಕು. ಪಕ್ಕದ ಜಿಲ್ಲೆಯಲ್ಲಿ ತಂಗಿಯ ಮದುವೆ ಇದ್ದರೆ ಅದಕ್ಕೂ ಅನುಮತಿ. 1965 ಮತ್ತು 1971ರ ಯುದ್ಧಗಳು ಬಂದಾಗ ಈ ಮನೆಗಳ ಮೇಲೆ ಅನುಮಾನದ ಕಣ್ಣು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಯುದ್ಧ ಮಾಡಿದ ದೇಶದ ಕಾಗದವನ್ನು ಸರ್ಕಾರ ಎಚ್ಚರದಿಂದ ನೋಡುವುದು ಸಹಜ. ತಪ್ಪಿದ್ದು ಎಚ್ಚರದಲ್ಲಲ್ಲ, ಮನುಷ್ಯರನ್ನು ಒಬ್ಬೊಬ್ಬರಾಗಿ ವಿಚಾರಿಸದೆ ಪುಸ್ತಕದ ರಟ್ಟನ್ನಷ್ಟೇ ನೋಡಿದ್ದರಲ್ಲಿ. ಪಿ. ಟಿ. ಕುಂಞುಮುಹಮ್ಮದ್ ನಿರ್ದೇಶಿಸಿದ 2007ರ ಮಲಯಾಳಂ ಚಿತ್ರ ಇದೇ ಜನರ ಕುರಿತದ್ದು. ಮೋಹನ್‌ಲಾಲ್ ಅದರಲ್ಲಿ ಹರೆಯದಿಂದ ಮುಪ್ಪಿನವರೆಗೆ ಠಾಣೆಯ ಕರೆಗೆ ಹೆದರುತ್ತ ಬದುಕುವ ಮೂಸಾ. ಚಿತ್ರದ ಹೆಸರು ‘ಪರದೇಶಿ’.

ಅದೇ ಪದ ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರ ಸಿನಗಾಗಿನ ಹೆಸರಾಗಿ ನಿಂತಿದೆ: ಪರದೇಶಿ ಸಿನಗಾಗ್. ಅಲ್ಲಿನ, ಚೇಂದಮಂಗಲದ, ಪರವೂರಿನ, ಮಾಳದ ಯಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ಹೋದರು. ಅವರು ಹೋದದ್ದು ನೆಲೆಸಲೆಂದೇ, ಗೊತ್ತಿದ್ದೇ ಹೊಸ ಪೌರತ್ವ ಪಡೆದರು. ನೆಗೆವ್ ಮರುಭೂಮಿಯ ನೆವಾತಿಮ್‌ನಲ್ಲಿ ಕೊಚ್ಚಿಯವರು ಊರು ಕಟ್ಟಿದರು, ಗುಲಾಬಿ ಬೆಳೆದರು. ಭಾರತ 1950ರ ಸೆಪ್ಟೆಂಬರಿನಲ್ಲೇ ಇಸ್ರೇಲನ್ನು ಮಾನ್ಯ ಮಾಡಿದ್ದರೂ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆದದ್ದು 1992ರ ಜನವರಿಯಲ್ಲಿ. ಅಲ್ಲಿಯವರೆಗೆ ಟೆಲ್ ಅವೀವ್‌ನಲ್ಲಿ ಭಾರತದ ರಾಯಭಾರ ಕಚೇರಿಯೇ ಇರಲಿಲ್ಲ. ಆಮೇಲಿನ ದಾರಿ ಮಾತ್ರ ಸುಗಮ. ಚೇಂದಮಂಗಲದಲ್ಲಿ ಹುಟ್ಟಿ ನೆಗೆವ್‌ನಲ್ಲಿ ಹೂವಿನ ಕೃಷಿಗೆ ಹೆಸರಾದ ಎಲಿಯಾಹು ಬೆಜಲೇಲ್ ಅವರಿಗೆ 2006ರಲ್ಲಿ ಪ್ರವಾಸಿ ಭಾರತೀಯ ಸಮ್ಮಾನ್ ಸಂದಿತು. ಕಡ್ಡಾಯ ಸೇನಾಸೇವೆ ಮಾಡಿದ ಭಾರತ ಮೂಲದ ಯಹೂದಿಗಳಿಗೂ ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಕೊಡುವುದಾಗಿ 2017ರ ಜುಲೈಯಲ್ಲಿ ಪ್ರಧಾನಿ ನರೇಂದ್ರ ಮೋದಿ ಟೆಲ್ ಅವೀವ್‌ನಲ್ಲಿ ಘೋಷಿಸಿದರು. ಇದು ಒಳ್ಳೆಯ ನಿರ್ಧಾರ. ಇನ್ನೊಂದು ದೇಶದ ಸೇನೆಯಲ್ಲಿ ದುಡಿದವನಿಗೂ ಹುಟ್ಟೂರಿನ ಬಾಗಿಲು ತೆರೆಯಬಹುದು ಎಂದು ಸರ್ಕಾರವೇ ಒಪ್ಪಿದಂತಾಯಿತು.

ಬೇರೆ ದೇಶಗಳ ಪಾಸ್‌ಪೋರ್ಟಿಗೂ ಇಂದು ಈ ಕರಾವಳಿಯ ದಾರಿ ಸುಗಮವೇ. ಎರ್ನಾಕುಲಂ ಪೇಟೆಯಿಂದ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣಕ್ಕೆ ಹೋಗುವವರು ಕಳಮಶ್ಶೇರಿಯನ್ನು ದಾಟುತ್ತಾರೆ. 1971ರಲ್ಲಿ ಆರಂಭವಾದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಇಲ್ಲೇ ಇದೆ. ಆರು ತಿಂಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಇಂಥಲ್ಲಿಗೆ ಓದಲು ಬರುವ ವಿದೇಶಿ ವಿದ್ಯಾರ್ಥಿಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಲು 14 ದಿನಗಳ ಕಾಲಾವಕಾಶ. ಪ್ರವಾಸಿಗೆ ಇನ್ನೂ ಸಲೀಸು. 2014ರ ನವೆಂಬರಿನಲ್ಲಿ ಅಂತರ್ಜಾಲದಲ್ಲೇ ಅರ್ಜಿ ಹಾಕುವ ಪ್ರವಾಸಿ ವೀಸಾ ಶುರುವಾದಾಗ ಮೊದಲ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಕೊಚ್ಚಿ, ತಿರುವನಂತಪುರ ಎರಡೂ ಇದ್ದವು, ಬೆಂಗಳೂರೂ ಇತ್ತು. ಆರು ತಿಂಗಳ ಅವಧಿ ಉಳಿದ ಪಾಸ್‌ಪೋರ್ಟ್, ಒಂದು ಭಾವಚಿತ್ರ, ಶುಲ್ಕ. ಬಹುಪಾಲು ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಿಗಂತೂ ಓಸಿಐ ಕಾರ್ಡ್ ಮನೆಮಾತು. 2005ರ ತಿದ್ದುಪಡಿಯಿಂದ ಜಾರಿಯಾದ, 2015ರಲ್ಲಿ ಹಳೆಯ ಪಿಐಓ (ಭಾರತ ಮೂಲದವರ) ಕಾರ್ಡನ್ನೂ ಒಳಗೊಂಡ ಈ ವ್ಯವಸ್ಥೆ ಆಜೀವ ವೀಸಾ ಕೊಡುತ್ತದೆ, ಪೊಲೀಸ್ ನೋಂದಣಿ ತಪ್ಪಿಸುತ್ತದೆ. ಮತದಾನವಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. 2021ರಿಂದ ಸಂಶೋಧನೆ, ಪತ್ರಿಕಾವೃತ್ತಿಯಂಥ ಕೆಲವು ಕೆಲಸಗಳಿಗೆ ವಿಶೇಷ ಅನುಮತಿ ಬೇಕು. 2025ರ ಜನವರಿಯಿಂದ ಕೊಚ್ಚಿ, ಬೆಂಗಳೂರು ನಿಲ್ದಾಣಗಳಲ್ಲಿ ಓಸಿಐ ಕಾರ್ಡಿನವರು ಭಾರತೀಯರಂತೆಯೇ ತ್ವರಿತ ವಲಸೆ ತಪಾಸಣೆಯ ಯೋಜನೆಗೆ ಹೆಸರು ಬರೆಸಬಹುದು. ಇವರೂ ಅದೇ 9ನೇ ಕಲಮಿನಡಿ ಭಾರತದ ಪೌರತ್ವ ಕಳೆದುಕೊಂಡವರು. ಅಮೆರಿಕದ ಪ್ರಜೆಯಾಗುವಾಗ ಹಳೆಯ ದೇಶದ ನಿಷ್ಠೆಯನ್ನು ತೊರೆಯುತ್ತೇನೆಂದು ಕೈಯೆತ್ತಿ ಪ್ರಮಾಣ ಮಾಡಿದವರು. ಪ್ರಮಾಣ ಮಾಡಿದವರಿಗೆ ಆಜೀವ ವೀಸಾ; ಊರಿಗೆ ಬರಲೆಂದು ಪಾಸ್‌ಪೋರ್ಟ್ ಪಡೆದವನಿಗೆ ಠಾಣೆಯ ಹಾಜರಿ.

ಅಷ್ಟಕ್ಕೇ ಮುಗಿಯುವುದಿಲ್ಲ. ತಾನಾಗಲಿ, ತಂದೆತಾಯಿ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರಾಗಲಿ ಎಂದಾದರೂ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಓಸಿಐ ಸಿಗುವುದಿಲ್ಲ ಎನ್ನುತ್ತದೆ ಪೌರತ್ವ ಕಾಯ್ದೆಯ 7ಎ ಕಲಂ. ಕರಾಚಿಯ ಚಹಾ ಅಂಗಡಿಯ ಆ ಹುಡುಗನ ಮರಿಮಗಳು ಇಂದು ಲಂಡನ್ನಿನಲ್ಲಿ ಹುಟ್ಟಿದ್ದರೂ ಅವಳಿಗೂ ಇದು ಅನ್ವಯ. ಊರಿಗೆ ಬರಲು ತೆಗೆದುಕೊಂಡ ಒಂದು ಪುಸ್ತಕದ ಲೆಕ್ಕ ಮೂರು ತಲೆಮಾರಿನವರೆಗೆ ನಡೆಯುತ್ತದೆ.

2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿ ಪ್ರಜೆಗಳ ವೀಸಾಗಳು ರದ್ದಾದವು. ದೀರ್ಘಾವಧಿ ವೀಸಾ ಇದ್ದವರಿಗೆ ವಿನಾಯಿತಿ ಇತ್ತು. ಆದರೂ ಕೋಯಿಕ್ಕೋಡ್ ಜಿಲ್ಲೆಯಲ್ಲಿ ಬಹುಕಾಲದಿಂದ ನೆಲೆಸಿದ್ದ ಕೆಲವರಿಗೆ ದೇಶ ಬಿಡುವಂತೆ ನೋಟಿಸ್ ಬಂತು, ಬಳಿಕ ಹಿಂತೆಗೆದುಕೊಳ್ಳಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಕೊಚ್ಚಿಯ ಕೇರಳ ಹೈಕೋರ್ಟಿನ ವಿಭಾಗೀಯ ಪೀಠದ ಮುಂದೆ ಬಂದದ್ದು ಕಣ್ಣೂರಿನ ಕುಟುಂಬವೊಂದರ ಇಬ್ಬರು ಹೆಣ್ಣುಮಕ್ಕಳ ವಿಷಯ. ಪಾಕಿಸ್ತಾನದ ಪಾಸ್‌ಪೋರ್ಟುಗಳನ್ನು ಅವರು 2017ರಲ್ಲೇ ಆ ದೇಶದ ಹೈಕಮಿಷನ್ನಿಗೆ ಒಪ್ಪಿಸಿದ್ದರು. ಪೌರತ್ವ ತೊರೆದ ಪ್ರಮಾಣಪತ್ರ ಮಾತ್ರ ಸಿಗಲಿಲ್ಲ, ಆಗ ಅವರಿಗೆ 21 ತುಂಬಿರಲಿಲ್ಲ. ಆ ಪತ್ರವಿಲ್ಲದೆಯೇ ಪೌರತ್ವ ಕೊಡಬಹುದು ಎಂದಿದ್ದ ಏಕಸದಸ್ಯ ಪೀಠದ ಆದೇಶವನ್ನು ವಿಭಾಗೀಯ ಪೀಠ ತಳ್ಳಿಹಾಕಿತು. ಪಾಸ್‌ಪೋರ್ಟ್ ಒಪ್ಪಿಸಿದ ಮಾತ್ರಕ್ಕೆ ಪೌರತ್ವ ತೊರೆದಂತೆ ಆಗುವುದಿಲ್ಲ ಎಂಬುದು ಪೀಠದ ನಿಲುವು.

ಎರಡು ನಿಲುವುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಪಾಸ್‌ಪೋರ್ಟ್ ತೆಗೆದುಕೊಂಡರೆ ಪೌರತ್ವ ಬದಲಾದುದಕ್ಕೆ ಅದೊಂದೇ ಪೂರ್ಣ ಪುರಾವೆ. 2009ರ ಹೊಸ ನಿಯಮಗಳಲ್ಲೂ ಆ ಸಾಲು ಹಾಗೆಯೇ ಇದೆ. ಅದೇ ಪಾಸ್‌ಪೋರ್ಟ್ ಬಿಟ್ಟುಕೊಟ್ಟರೆ ಅದು ಪುರಾವೆ ಆಗುವುದಿಲ್ಲ. ಒಳಹೋಗುವಾಗ ಕಾಗದಕ್ಕೆ ಅಷ್ಟು ತೂಕ ಕೊಟ್ಟ ಕಾನೂನು ಹೊರಬರುವಾಗ ಕೊಡುವುದಿಲ್ಲ. ಕಾನೂನಿನ ತರ್ಕದಲ್ಲಿ ಎರಡನ್ನೂ ಸಮರ್ಥಿಸಬಹುದು, ಆದರೆ ಒಬ್ಬನೇ ಮನುಷ್ಯನ ಬದುಕಿನ ಮೇಲೆ ಎರಡನ್ನೂ ಹೇರುವುದು ಅನ್ಯಾಯ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ 1920, 1939, 1946, 2000ರ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿದೆ. ಪುರಾವೆಯ ಈ ಪ್ರಶ್ನೆ ಪೌರತ್ವ ನಿಯಮಗಳಲ್ಲಿದೆ, ಅಲ್ಲೇ ತಿದ್ದಬೇಕು: ಈ ನೆಲದಲ್ಲಿ ಹುಟ್ಟಿದವರ ಮತ್ತು ಅವರ ಮಕ್ಕಳ ಮಟ್ಟಿಗಾದರೂ ‘ನಿರ್ಣಾಯಕ’ ಎಂಬ ಪದ ಹೋಗಿ, ವಿಚಾರಣೆಗೆ ಅವಕಾಶ ಬರಬೇಕು.

ಕೋರ್ಟಿಗೆ ಹೋಗದವರ ಚರಿತ್ರೆ ಬರೆಯಲು ಬೇಕಾದ ಆಕರಗಳು ಇನ್ನೂ ಮನೆಗಳಲ್ಲೇ ಇವೆ. ಕಾಸರಗೋಡು, ಮಂಜೇಶ್ವರ, ಮಂಗಳೂರು ಕಡೆಯ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಹಳೆಯ ಪರ್ಮಿಟ್, ಕರಾಚಿಯಿಂದ ಬಂದ ಕಾಗದ, ಠಾಣೆಯ ಹಾಜರಿ ಚೀಟಿ ಇದ್ದರೆ ದಯವಿಟ್ಟು ಅವನ್ನು ಎಸೆಯಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಂದು ಪ್ರತಿ ಕೊಡಿ. ಹಿರಿಯರು ಇರುವಾಗಲೇ, ಅವರು ಹೋದದ್ದು ಯಾವ ವರ್ಷ, ಮರಳಿದ್ದು ಯಾವ ವರ್ಷ ಎಂದು ಕೇಳಿ ಬರೆದಿಡಿ.