ಹಿಂದುಳಿದ ನಾಡುಗಳ ಆರ್ಥಿಕ ಪುನಶ್ಚೇತನ: ಸನತ್‌ನಗರದ ನಿದರ್ಶನ

ವಸಾಹತು ಆಳ್ವಿಕೆ, ಯುದ್ಧ ಅಥವಾ ಪ್ರಕೃತಿ ವಿಕೋಪದಿಂದ ಬಡವಾದ ರಾಷ್ಟ್ರವು ಮತ್ತೆ ತಲೆಯೆತ್ತಲು ಬಂಡವಾಳ, ತಂತ್ರಜ್ಞಾನ, ನುರಿತ ಕೈಗಳು ಹಾಗೂ ಮಾರುಕಟ್ಟೆ ಅಗತ್ಯ. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಯುರೋಪಿಗೆ ಮಾರ್ಷಲ್ ಯೋಜನೆಯಡಿ ಅಮೆರಿಕ 1948ರಿಂದ 1952ರವರೆಗೆ ಸುಮಾರು 1,300 ಕೋಟಿ ಡಾಲರ್ ನೆರವು ನೀಡಿತು. ಅಲ್ಲಿ ಕಾರ್ಖಾನೆಗಳು ಕುಸಿದಿದ್ದರೂ ಅವನ್ನು ನಡೆಸಬಲ್ಲ ತಂತ್ರಜ್ಞರು ಉಳಿದಿದ್ದರು. ಭಾರತವಾದರೋ ಕಾರ್ಖಾನೆಯೊಡನೆ ತಂತ್ರಜ್ಞರನ್ನೂ ರೂಪಿಸಿಕೊಳ್ಳಬೇಕಿತ್ತು. ಈ ಪ್ರಯತ್ನಕ್ಕೆ ಹೈದರಾಬಾದಿನ ಸನತ್‌ನಗರ ಮತ್ತು ನೆರೆಯ ಬಾಲಾನಗರ ಉತ್ತಮ ನಿದರ್ಶನಗಳು.

ಪೂರ್ವಪೀಠಿಕೆ

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಧ್ವಂಸಗೊಳಿಸಿತು. ಪರಿಹಾರ ಸೂಚಿಸಲು 1909ರಲ್ಲಿ ಬಂದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ನಿರ್ಮಾಣಗೊಂಡವು. ಮುಂದೆ 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸಿ ಗ್ರಂಥ ರಚಿಸಿದವರೂ ಅವರೇ.

ನಿಜಾಮ್ ಸರ್ಕಾರ 1929ರಲ್ಲಿ ಕೈಗಾರಿಕಾ ನಿಧಿಯೊಂದನ್ನು ಸ್ಥಾಪಿಸಿ, ಹೊಸ ಉದ್ಯಮಗಳಲ್ಲಿ ಹಣ ತೊಡಗಿಸಿತು. ಖಾಸಗಿ ಬಂಡವಾಳ ಹಿಂಜರಿದಲ್ಲಿ ಸರ್ಕಾರ ಮುಂದಾಗುವ ಈ ಕ್ರಮವನ್ನೇ ಮುಂದೆ ಸ್ವತಂತ್ರ ಭಾರತವೂ ಅನುಸರಿಸಿತು. 1942ರಲ್ಲಿ ಆರಂಭವಾದ ಹೈದರಾಬಾದ್ ಆಲ್ವಿನ್ ಸಂಸ್ಥೆ ಬಸ್ಸು, ರೆಫ್ರಿಜರೇಟರ್, ಕೈಗಡಿಯಾರಗಳನ್ನು ತಯಾರಿಸಿ ಮನೆಮಾತಾಯಿತು.

ಕಲಿಕೆಯ ಮಾರ್ಗ

ಕೈಗಾರಿಕಾ ವಸಾಹತು ಎಂಬ ಕಲ್ಪನೆ ಸರಳವಾದುದು. ಸಣ್ಣ ಉದ್ಯಮಿಗೆ ಶೆಡ್ಡು, ವಿದ್ಯುತ್ತು, ನೀರು, ರಸ್ತೆಗಳನ್ನು ಸರ್ಕಾರವೇ ಒದಗಿಸಿದರೆ ಆತ ತನ್ನ ಅಲ್ಪ ಹಣವನ್ನು ಯಂತ್ರಕ್ಕೆ ತೊಡಗಿಸಬಹುದು. ಸನತ್‌ನಗರ ಬೆಳೆದುದು ಹೀಗೆ.

1961ರಲ್ಲಿ ಸ್ಥಾಪನೆಯಾದ ಐ.ಡಿ.ಪಿ.ಎಲ್. ಸೋವಿಯತ್ ನೆರವಿನಿಂದ ಬಾಲಾನಗರದಲ್ಲಿ ಔಷಧ ಕಾರ್ಖಾನೆ ತೆರೆಯಿತು. ಉಪಕರಣಗಳ ವಿನ್ಯಾಸ ಕಲಿಸುವ ಕೇಂದ್ರೀಯ ಸಂಸ್ಥೆಯೊಂದು ವಿಶ್ವಸಂಸ್ಥೆಯ ನೆರವಿನಿಂದ 1968ರಲ್ಲಿ ಅಲ್ಲಿಯೇ ಆರಂಭವಾಯಿತು. 1970ರ ಪೇಟೆಂಟ್ ಕಾಯಿದೆ 1972ರಲ್ಲಿ ಜಾರಿಗೆ ಬಂದು, ಔಷಧ ವಸ್ತುವಿಗೆ ಪೇಟೆಂಟ್ ನಿರಾಕರಿಸಿ ತಯಾರಿಕಾ ವಿಧಾನಕ್ಕಷ್ಟೇ ಮಾನ್ಯತೆ ನೀಡಿತು. ಅದೇ ಔಷಧವನ್ನು ಬೇರೆ ವಿಧಾನದಿಂದ ತಯಾರಿಸಲು ಭಾರತೀಯರಿಗೆ ದಾರಿ ತೆರೆಯಿತು. ಐ.ಡಿ.ಪಿ.ಎಲ್.ನಲ್ಲಿ ದುಡಿದ ಕೆ. ಅಂಜಿರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಸ್ಥಾಪಿಸಿದುದು ಇದೇ ಪರಂಪರೆಯ ಫಲ. ವಿಶ್ವ ವಾಣಿಜ್ಯ ಒಪ್ಪಂದದಂತೆ 2005ರಲ್ಲಿ ವಸ್ತು ಪೇಟೆಂಟ್ ಮರಳಿ ಬರುವ ವೇಳೆಗೆ ಭಾರತದ ಔಷಧೋದ್ಯಮ ಸ್ವಂತ ಕಾಲಮೇಲೆ ನಿಂತಿತ್ತು.

ತೆತ್ತ ಬೆಲೆ

1991ರ ಉದಾರೀಕರಣದ ನಂತರ ಆಲ್ವಿನ್ ಪೈಪೋಟಿಯಲ್ಲಿ ಉಳಿಯಲಿಲ್ಲ. ಅದರ ರೆಫ್ರಿಜರೇಟರ್ ವಿಭಾಗ ವೋಲ್ಟಾಸ್ ಪಾಲಾಯಿತು. ಐ.ಡಿ.ಪಿ.ಎಲ್. 1992ರಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಿತವಾಯಿತು. ಕಾರ್ಖಾನೆಗಳು ಸೊರಗಿದರೂ ಅಲ್ಲಿ ಕಲಿತವರ ವಿದ್ಯೆ ಉಳಿದು ನೂರಾರು ಘಟಕಗಳಿಗೆ ಹರಡಿತು. ಆದರೆ ಔಷಧೋದ್ಯಮದ ತ್ಯಾಜ್ಯದಿಂದ ಪಟಾನ್‌ಚೆರು ಸುತ್ತಲಿನ ಕೆರೆ, ಹಳ್ಳ, ಅಂತರ್ಜಲಗಳು ಕಲುಷಿತಗೊಂಡವು. ರೈತರ ಅಳಲು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕನ್ನಡ ಜಿಲ್ಲೆಗಳ ಪಾಡು

ನಿಜಾಮರ ಆಡಳಿತದಲ್ಲಿದ್ದ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಉದ್ಯಮಗಳು ಬಹುಪಾಲು ಹಳೆಯ ರಾಜಧಾನಿಯಲ್ಲಿಯೇ ಉಳಿದವು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗಕ್ಕೆ ಸೇರಿದ್ದವು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಯಾಗಿ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಗೂ ಪ್ರತ್ಯೇಕ ಅಭಿವೃದ್ಧಿ ಮಂಡಳಿಗೂ ಅವಕಾಶ ಕಲ್ಪಿಸಿತು. 2019ರಿಂದ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು.

ಇದೀಗ ಯಾದಗಿರಿ ಜಿಲ್ಲೆಯ ಕಡೇಚೂರಿಗೆ ಔಷಧ ಘಟಕಗಳು ಬಂದಿವೆ. ಅವುಗಳ ಹಿಂದೆಯೇ ದುರ್ವಾಸನೆ, ತ್ಯಾಜ್ಯಗಳ ಕುರಿತ ದೂರುಗಳೂ ಬಂದಿವೆ. ಐದು ದಶಕಗಳಲ್ಲಿ ಹೈದರಾಬಾದು ಕಲಿತ ಪಾಠವು ಕಡೇಚೂರಿಗೆ ಮೊದಲ ದಿನದಿಂದಲೇ ದೊರೆಯಬೇಕಾಗಿದೆ. ಭೂಮಿ ಕೊಟ್ಟ ಕುಟುಂಬದ ಮಕ್ಕಳಿಗೆ ಪ್ರಯೋಗಾಲಯದ ತರಬೇತಿ, ತ್ಯಾಜ್ಯ ಸಂಸ್ಕರಣೆಯ ಕಟ್ಟುನಿಟ್ಟು, ಬಾವಿಯ ನೀರಿನ ನಿಯತ ಪರೀಕ್ಷೆ ಇವು ಮೂರೂ ಇಲ್ಲದಿದ್ದರೆ, ಸನತ್‌ನಗರಕ್ಕೆ ದೊರೆತ ವಿದ್ಯೆ ಆ ಜಿಲ್ಲೆಗೆ ದಕ್ಕದೆ, ಪಟಾನ್‌ಚೆರುವಿನ ಕೆರೆಗಳ ಗತಿಯಷ್ಟೇ ಅದರ ಪಾಲಿಗೆ ಬಂದೀತು.