ಹಾರಲು ಕಲಿತವರ ನಡಿಗೆ

ಪ್ಯಾರಾಷೂಟಿನ ಸೈನಿಕರೆಂದರೆ ಆಕಾಶದಿಂದಿಳಿದು ಗೆದ್ದು ಬರುವವರು ಎಂದು ನಾವು ಅಂದುಕೊಳ್ಳುತ್ತೇವೆ. ಚರಿತ್ರೆ ಓದಿದರೆ ಅವರು ಹೆಚ್ಚಾಗಿ ಮಣ್ಣಿನಲ್ಲೇ ಹೊರಳಾಡಿದವರು. 1942ರಲ್ಲಿ ರಷ್ಯಾದವರು ತಮ್ಮ ಹಾರುವ ಪಡೆಗಳನ್ನು ಕಾಲಾಳು ಡಿವಿಷನ್ನುಗಳಾಗಿ ಬದಲಾಯಿಸಿದರು. ಕೆಲವು ಸ್ಟಾಲಿನ್‌ಗ್ರಾಡಿನಲ್ಲಿ ಹೋರಾಡಿದವು. ನಮ್ಮವರ ಕಥೆಯೂ ಅದೇ.

50ನೇ ಇಂಡಿಯನ್ ಪ್ಯಾರಾಷೂಟ್ ಬ್ರಿಗೇಡ್ ಹುಟ್ಟಿದ್ದು 1941ರಲ್ಲಿ. ಮೊದಲು ಹಾರಿದ ಭಾರತೀಯರಲ್ಲಿ ಒಬ್ಬರು ಎ.ಜಿ. ರಂಗರಾಜ್, ಸೈನ್ಯದ ಡಾಕ್ಟರು. ಮಗ ಡಾಕ್ಟರಾದನೆಂದು ಹಿಗ್ಗಿದ್ದ ಮನೆಯವರು ಈ ಸುದ್ದಿ ಕೇಳಿ ಏನೆಂದರೋ!

1944ರ ಮಾರ್ಚ್‌ನಲ್ಲಿ ಜಪಾನಿಯರು ಮಣಿಪುರದೊಳಗೆ ನುಗ್ಗಿದಾಗ ಈ ಬ್ರಿಗೇಡು ಉಖ್ರುಲ್ ಹತ್ತಿರದ ಸಾಂಗ್‌ಶಾಕ್ ಎಂಬ ಗುಡ್ಡದ ಮೇಲೆ ಸಿಕ್ಕಿಕೊಂಡಿತು. ಮುಳ್ಳುತಂತಿ ಇಲ್ಲ. ಎರಡು ಮೂರು ಅಡಿ ಅಗೆದರೆ ಬಂಡೆ. ನಮ್ಮ ಹುತ್ತೂರಿನ ಕಡೆ ಬಾವಿ ತೋಡಿಸಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಆದರೆ ನಮಗೆ ಬಂಡೆ ಸಿಕ್ಕರೆ ದುಡ್ಡು ಹೋಗುತ್ತದೆ, ಅವರಿಗೆ ತಲೆ ಮರೆಸಿಕೊಳ್ಳುವ ಗುಂಡಿಯೇ ಇಲ್ಲದಂತಾಯಿತು. ಸತ್ತವರನ್ನು ಹೂಳಲೂ ಕಷ್ಟ. ಅದರ ಮೇಲೆ ನೀರಿನ ಬರ. ಕೊಡ ಹೊತ್ತು ಅಲೆದ ಹೆಂಗಸರಿಗೆ ಆ ಬಾಯಾರಿಕೆಯ ಒಂದು ಪಾಲಾದರೂ ಗೊತ್ತು. ವಿಮಾನಗಳು ಪ್ಯಾರಾಷೂಟಿನಲ್ಲಿ ನೀರು, ಮದ್ದುಗುಂಡು ಇಳಿಸಿದವು. ಗುಡ್ಡ ಚಿಕ್ಕದು, ಗಂಟುಗಳೆಷ್ಟೋ ಶತ್ರುವಿನ ಕಡೆ ತೇಲಿಹೋದವು. ಪ್ಯಾರಾಷೂಟನ್ನೇ ನಂಬಿ ಕಲಿತವರು ಅದನ್ನು ಕಣ್ಣಾರೆ ನೋಡುತ್ತ ಕೂರಬೇಕಾಯಿತು.

21ರಿಂದ 26ರವರೆಗೆ ಹಗಲೂ ರಾತ್ರಿ ಕಾದಾಟ. 26ರ ರಾತ್ರಿ ಹೊರಬೀಳಲು ಅಪ್ಪಣೆ ಬಂತು. ನಡೆಯಬಲ್ಲವರು ಕತ್ತಲಲ್ಲಿ ಇಳಿದು ಕಾಡಿನ ಹಾದಿ ಹಿಡಿದರು. ನಡೆಯಲಾರದ ಗಾಯಾಳುಗಳು ಅಲ್ಲೇ ಉಳಿದರು. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬಿಟ್ಟು ಬಂದವನಿಗೆ ಆಮೇಲೆ ನಿದ್ದೆ ಹೇಗೆ ಬಂದೀತು?

ಅವರು ಹಿಡಿದಿಟ್ಟ ಆ ದಿನಗಳಿಂದ ಇಂಫಾಲ, ಕೊಹಿಮಾಗಳಿಗೆ ಸಿದ್ಧತೆಗೆ ಸಮಯ ಸಿಕ್ಕಿತು. ಆದರೂ ಮೊದಲು ಬಂದದ್ದು ದೂರು. ಬ್ರಿಗೇಡಿನ ಮುಖ್ಯಸ್ಥ ಹೋಪ್ ಥಾಮ್ಸನ್‌ರಿಗೆ ಅಧಿಕಾರವೂ ಹೋಯಿತು. ಮೆಚ್ಚುಗೆ ತಡವಾಗಿ ಬಂತು.

ಈ ಪರಂಪರೆಯ ಪ್ಯಾರಾಷೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ನಮ್ಮ ಬೆಂಗಳೂರಿಗೆ ಬಂತು. ಯುದ್ಧಕಾಲದಲ್ಲಿ ಅವರು ನಿಜವಾಗಿ ಹಾರಿದ ದೊಡ್ಡ ದಿನ 1945ರ ಮೇ 1. ರಂಗೂನಿನ ಬಳಿ ಎಲಿಫೆಂಟ್ ಪಾಯಿಂಟ್ ಹಿಡಿಯಲು ಗೂರ್ಖಾ ಪಡೆ ಇಳಿಯಿತು. ಇಳಿದ ಮೇಲೆ ಅಲ್ಲೂ ಮಳೆಯಲ್ಲಿ ಮೈಲಿಗಟ್ಟಲೆ ನಡಿಗೆ.